ಪುಂಟೋ ಡೀಸೆಲ್‌ಗೆ ಆಯಿಲ್, ಫಿಲ್ಟರ್: ಮನೆಯಲ್ಲೇ ಮಾಡುವ ನನ್ನ ಕ್ರಮ

ನನ್ನದು ಫಿಯಟ್ ಪುಂಟೋ ಡೀಸೆಲ್. ಫಿಯಟ್ ನಮ್ಮ ದೇಶದಲ್ಲಿ ಕಾರು ಮಾರುವುದು ನಿಲ್ಲಿಸಿ ವರ್ಷಗಳೇ ಆದವು. ಆದರೆ ಇದರ 1248 ಸಿಸಿ ಮಲ್ಟಿಜೆಟ್ ಎಂಜಿನ್ ಮಾರುತಿ ಸ್ವಿಫ್ಟ್, ಡಿಸೈರ್‌ಗಳಲ್ಲೂ ಇತ್ತು, ಟಾಟಾ ವಿಸ್ಟಾದಲ್ಲೂ ಇತ್ತು. ಹಾಗಾಗಿ ಇದರ ಮೇಲೆ ಕೈ ಪಳಗಿದ ಮೆಕ್ಯಾನಿಕ್‌ಗಳು ಎಲ್ಲ ಊರಲ್ಲೂ ಇದ್ದಾರೆ. ಆದರೂ ಆಯಿಲ್, ಫಿಲ್ಟರ್ ಕೆಲಸವನ್ನು ನಾನೇ ಮಾಡಿಕೊಳ್ಳುತ್ತೇನೆ. ಒಳಗೆ ಯಾವ ಆಯಿಲ್ ಬಿತ್ತು, ಡೀಸೆಲ್ ಫಿಲ್ಟರ್ ನಿಜವಾಗಿ ಹೊಸದು ಕೂತಿತಾ ಅಂತ ಕಣ್ಣಾರೆ ನೋಡಿದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಸಾಮಾನು ತರುವಾಗ ಒಂದು ಎಚ್ಚರ. ಎಂಜಿನ್ ಒಂದೇ ಆದರೂ ಕಂಪನಿಯಿಂದ ಕಂಪನಿಗೆ ಫಿಲ್ಟರ್ ಬೇರೆ ಇರಬಹುದು. ಚಾಸಿ ನಂಬರ್ ಕೊಟ್ಟೇ ತರಬೇಕು. ಗಾಡಿ ಬಿಚ್ಚಿದ ಮೇಲೆ ಹಳೆಯದರ ಪಕ್ಕ ಹೊಸದನ್ನು ಇಟ್ಟು ಎತ್ತರ, ಅಗಲ ನೋಡುತ್ತೇನೆ. ಆಯಿಲ್ ಸುಮಾರು ಮೂರು ಲೀಟರ್ ಹಿಡಿಯುತ್ತದೆ. ನಾನು ಹಾಕುವುದು 5ಡಬ್ಲ್ಯು-40 (ಆಯಿಲ್ ಎಷ್ಟು ಮಂದ ಎಂದು ಹೇಳುವ ಗ್ರೇಡ್) ಸಿಂಥೆಟಿಕ್, ಡೀಸೆಲ್‌ಗೆ ಆಗುವಂಥದ್ದು. ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇರುವ ಬಿಎಸ್6 (ಹೊಗೆ ನಿಯಮದ ಹೊಸ ಹಂತ) ಗಾಡಿ ಆದರೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು, ಅಲ್ಲಿ ಮ್ಯಾನ್ಯುಯಲ್ ಬಿಟ್ಟು ಬೇರೆಯವರ ಮಾತು ಕೇಳಬೇಡಿ.

ಆಯಿಲ್ ಇಳಿಸುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಆಯಿಲ್ ಬೆಚ್ಚಗಾಗಿ ಸಲೀಸಾಗಿ ಇಳಿಯಲಿ ಎಂದು ಊರೊಳಗೆ ಒಂದು ಸುತ್ತು ಹೋಗಿ ಬಂದು, ಸಮತಟ್ಟಾದ ಜಾಗದಲ್ಲಿ ಗಾಡಿ ಎತ್ತಿ ಸ್ಟ್ಯಾಂಡ್ ಕೊಡುತ್ತೇನೆ. ಬರೀ ಜಾಕ್ ಮೇಲೆ ನಿಂತಿರುವ ಗಾಡಿಯ ಕೆಳಗೆ ತಲೆ ಹಾಕುವುದೇ ಇಲ್ಲ. ಮೇಲಿನ ಕ್ಯಾಪ್ ತೆಗೆದು, ಕೆಳಗೆ ಡ್ರೈನ್ ಬೋಲ್ಟ್ ಬಿಚ್ಚಿ, ಟೀ ಕುಡಿದು ಬರುವವರೆಗೆ ಬಿಟ್ಟರೆ ಕೊನೆಯ ಹನಿಯೂ ಇಳಿಯುತ್ತದೆ. ಬೋಲ್ಟ್‌ನ ವಾಷರ್ ಪ್ರತಿ ಸಲ ಹೊಸದು. ಆಯಿಲ್ ಚೇಂಬರ್‌ನ ಥ್ರೆಡ್ ಹೋದರೆ ಖರ್ಚು ಬೇರೆಯೇ ಲೆಕ್ಕ, ಹಾಗಾಗಿ ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರ್ ಹಿಡಿಯುತ್ತೇನೆ. ಆಯಿಲ್ ಫಿಲ್ಟರ್ ಪೇಪರ್ ಥರದ್ದು, ಪ್ಲಾಸ್ಟಿಕ್ ಮುಚ್ಚಳದೊಳಗೆ ಕೂರುತ್ತದೆ. ಮುಚ್ಚಳದ ಓ-ರಿಂಗ್‌ಗೆ (ಲೀಕ್ ತಡೆಯುವ ರಬ್ಬರ್ ಬಳೆ) ಹೊಸ ಆಯಿಲ್ ಸವರಿ, ಮುಚ್ಚಳವನ್ನು ಹದವಾಗಿ ಬಿಗಿ ಮಾಡಬೇಕು. ಭುಜಬಲ ತೋರಿಸಿದರೆ ಮುಚ್ಚಳವೇ ಸೀಳುತ್ತದೆ.

ಹೊಸ ಆಯಿಲ್ ಹಾಕಿದ ಮೇಲೆ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಮುಟ್ಟದೆ ಬಿಡುತ್ತೇನೆ. ಎಂಜಿನ್‌ಗೆ ಗಾಳಿ ತುಂಬುವ ಟರ್ಬೋದ ಬೇರಿಂಗ್‌ವರೆಗೂ ಆಯಿಲ್ ತಲುಪಬೇಕು, ಅಲ್ವಾ? ಲೀಕ್ ನೋಡಿ, ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ನೋಡಿದರೆ ಹೊಸ ಆಯಿಲ್ ಆಗಲೇ ಕಪ್ಪು. ಡೀಸೆಲ್‌ನಲ್ಲಿ ಇದು ಸಹಜ. ಒಳಗಿದ್ದ ಮಸಿಯನ್ನು ಆಯಿಲ್ ಹಿಡಿದುಕೊಂಡಿದೆ ಅಷ್ಟೇ. 'ಕಪ್ಪಾಗಿದೆ, ಚೇಂಜ್ ಮಾಡ್ಬೇಕು' ಎಂದು ಯಾರಾದರೂ ಬಣ್ಣ ತೋರಿಸಿದರೆ ಸುಮ್ನೆ ತಲೆಯಾಡಿಸಿ ಕಿಲೋಮೀಟರ್ ಲೆಕ್ಕ ನೋಡಿ. ನಾನು ಹತ್ತು ಸಾವಿರಕ್ಕೆ ಬದಲಾಯಿಸುತ್ತೇನೆ, ಓಡಾಟ ಕಡಿಮೆ ಇದ್ದರೆ ವರ್ಷಕ್ಕೊಮ್ಮೆ. ಈ ಎಂಜಿನ್‌ಗೆ ಬೆಲ್ಟ್ ಇಲ್ಲ, ಟೈಮಿಂಗ್ ಚೈನ್ ಇದೆ. ಚೈನನ್ನು ಎಳೆದು ಹಿಡಿಯುವ ಟೆನ್ಷನರ್ ನಡೆಯುವುದೇ ಆಯಿಲ್ ಒತ್ತಡದಲ್ಲಿ. ಆಯಿಲ್ ಮಟ್ಟ ಇಳಿಯಲು ಬಿಟ್ಟವರ ಗಾಡಿಯಲ್ಲಿ ಚೈನ್ ಸದ್ದು ಬೇಗ ಶುರುವಾಗುತ್ತದೆ.

ಏರ್ ಫಿಲ್ಟರ್ ಐದು ನಿಮಿಷದ ಕೆಲಸ. ಮಣ್ಣುರಸ್ತೆಯಲ್ಲಿ ಓಡಾಟ ಜಾಸ್ತಿ ಇದ್ದರೆ ಬೇಗ ಬದಲಾಯಿಸಿ. ಗಾಳಿ ಹೊಡೆಸಿ ಮತ್ತೆ ಹಾಕುವುದು ನನಗೆ ಇಷ್ಟವಿಲ್ಲ, ಪೇಪರ್ ಎಲ್ಲಿ ಸೀಳಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಡಬ್ಬಿಯ ತಳದಲ್ಲಿ ಇಲಿ ಗೂಡು ಕಟ್ಟಿದೆಯಾ ಅಂತಲೂ ನೋಡಿ.

ನನಗೆ ನಿಜವಾಗಿ ಭಯ ಇರುವುದು ಡೀಸೆಲ್ ಫಿಲ್ಟರ್ ಬಗ್ಗೆ. ಈ ಎಂಜಿನ್‌ನ ಕಾಮನ್ ರೈಲಿನಲ್ಲಿ, ಅಂದರೆ ಪಂಪು ಒತ್ತಿದ ಡೀಸೆಲ್ಲನ್ನು ಎಲ್ಲ ಇಂಜೆಕ್ಟರ್‌ಗಳಿಗೆ ಹಂಚುವ ಕೊಳವೆಯಲ್ಲಿ, ಒತ್ತಡ ಸಾವಿರ ಬಾರ್ ದಾಟುತ್ತದೆ. ಆ ಪಂಪಿಗೆ, ಎಂಜಿನ್‌ನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳಿಗೆ ಜಾರಿಕೆ ಕೊಡುವುದೂ ಡೀಸೆಲ್ಲೇ. ಅದರಲ್ಲಿ ನೀರು ಸೇರಿದರೆ ತುಕ್ಕು, ಸವೆತ, ಆಮೇಲೆ ದೊಡ್ಡ ಬಿಲ್ಲು. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನ ಒಳಗೋಡೆಯಲ್ಲೂ ತೇವ ಕಟ್ಟುತ್ತದೆ. ಹಾಗಾಗಿ ಮಳೆ ಮುಗಿದ ಕೂಡಲೇ ಫಿಲ್ಟರ್‌ನ ತಳದ ಸ್ಕ್ರೂ ಸಡಿಲ ಮಾಡಿ ಸ್ವಲ್ಪ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಬಿಟ್ಟುಕೊಳ್ಳುತ್ತೇನೆ. ಡೀಸೆಲ್ ನೀರಿಗಿಂತ ಹಗುರ. ನೀರಿದ್ದರೆ ತಳದಲ್ಲಿ ಗೆರೆ ಕೊಯ್ದ ಹಾಗೆ ಬೇರೆಯಾಗಿ ನಿಲ್ಲುತ್ತದೆ.

ಫಿಲ್ಟರ್ ಬದಲಾಯಿಸುವ ಮೊದಲು ಸುತ್ತಲಿನ ಧೂಳು ಒರೆಸುತ್ತೇನೆ. ಪೈಪ್ ಬಿಚ್ಚಿದ ಮೇಲೆ ಒಂದು ಕಣ ಮರಳು ಒಳಗೆ ಹೋದರೂ ಸಾಕು. ಎಂಜಿನ್ ತಣ್ಣಗಿರಬೇಕು. ಯಾವ ಪೈಪ್ ಒಳಗೆ, ಯಾವುದು ಹೊರಗೆ ಎಂದು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. ಹೊಸದು ಕೂರಿಸಿದ ಮೇಲೆ ಏರ್, ಅಂದರೆ ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ, ತೆಗೆಯಬೇಕು. ಟಿಲ್ಲರ್, ಪಂಪ್‌ಸೆಟ್ ರಿಪೇರಿ ಮಾಡಿ ಅಭ್ಯಾಸ ಇರುವವರು ತಕ್ಷಣ ಇಂಜೆಕ್ಟರ್ ಪೈಪಿನ ನಟ್ಟಿಗೆ ಸ್ಪ್ಯಾನರ್ ಹಾಕುತ್ತಾರೆ. ಕಾಮನ್ ರೈಲಿನಲ್ಲಿ ಅದನ್ನು ಮಾಡಲೇಬೇಡಿ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಪುಂಟೋದ ಟ್ಯಾಂಕಿನೊಳಗೆ ಕರೆಂಟ್ ಪಂಪಿದೆ. ಕೀ ಆನ್ ಮಾಡಿದರೆ ಅದು ಸ್ವಲ್ಪ ಹೊತ್ತು ಗುಂಯ್ ಎಂದು ನಿಲ್ಲುತ್ತದೆ. ನಿಂತ ಮೇಲೆ ಆಫ್ ಮಾಡಿ ಮತ್ತೆ ಆನ್. ಹೀಗೆ ನಾಲ್ಕಾರು ಸಲ ಮಾಡಿ ಆಮೇಲೆ ಸೆಲ್ಫ್ ಹೊಡೆದರೆ, ಒಂದೆರಡು ಸಲ ಕೆಮ್ಮಿ ಹಿಡಿದುಕೊಳ್ಳುತ್ತದೆ. ಹಿಡಿಯಲಿಲ್ಲ ಅಂತ ಸೆಲ್ಫನ್ನು ಎಳೆದಾಡಬೇಡಿ, ಮೋಟಾರ್ ಬಿಸಿಯಾಗುತ್ತದೆ. ಬಿಟ್ಟು ಬಿಟ್ಟು ಹೊಡೆಯಿರಿ.

ಇನ್ನು ಸುಟ್ಟ ಆಯಿಲ್. ಸೆಂಟ್ರಿಂಗ್ ಶೀಟಿಗೆ ಬಳಿಯಲು, ಬೇಲಿಗೂಟಕ್ಕೆ ಗೆದ್ದಲು ಹಿಡಿಯದಂತೆ ಸವರಲು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ನಾನು ಕೊಡುವುದಿಲ್ಲ. ಗೂಟದಿಂದ ಮಣ್ಣಿಗೆ, ಅಲ್ಲಿಂದ ಬಾವಿಗೆ ಎಷ್ಟು ದೂರ? ಸರ್ಕಾರದ ನಿಯಮದಲ್ಲೂ ಇದು ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಕ್ಯಾನಿಗೇ ತುಂಬಿ, ಹಳೆ ಆಯಿಲ್ ಒಟ್ಟು ಮಾಡಿ ಮರುಶುದ್ಧಿಗೆ ಕಳಿಸುವ ಗ್ಯಾರೇಜಿಗೆ ಒಯ್ದು ಕೊಡುತ್ತೇನೆ. ಹಳೆ ಆಯಿಲ್ ಫಿಲ್ಟರನ್ನು ರಾತ್ರಿಯಿಡೀ ಬೋರಲು ಹಾಕಿ, ಇಳಿದದ್ದನ್ನೂ ಅದೇ ಕ್ಯಾನಿಗೆ ಸುರಿಯಿರಿ. ಕ್ಯಾನಿನ ಮೇಲೆ 'ಹಳೆಯದು' ಎಂದು ಮಾರ್ಕರ್‌ನಲ್ಲಿ ಬರೆದಿಡಿ.