ಏರ್ ಪ್ಯೂರಿಫೈಯರ್ ತರುವ ಮೊದಲು ಕೋಣೆಯ ಎತ್ತರ ಅಳೆಯಿರಿ

ಆಲ್ದೂರಿನ ಹತ್ತಿರ ನಮ್ಮದು ಹಳೇ ಹೆಂಚಿನ ಮನೆ. ಜನವರಿ ಬಂತೆಂದರೆ ಅಮ್ಮನಿಗೆ ಉಬ್ಬಸ ಜಾಸ್ತಿ. ಕಣದಲ್ಲಿ ಒಣಗಲು ಹರಡಿದ ರೊಬಸ್ಟಾ ಕಾಫಿ ಚೆರಿ (ಹಣ್ಣು) ಎಳೆಯುವಾಗ ಏಳುವ ಧೂಳು ಒಂದು ಕಡೆ, ಬಚ್ಚಲೊಲೆಯ ಹೊಗೆ ಇನ್ನೊಂದು ಕಡೆ. ಹೋದ ವರ್ಷ ಚಿಕ್ಕಮಗಳೂರಿಂದ ಒಂದು ಏರ್ ಪ್ಯೂರಿಫೈಯರ್ ತಂದೆ. ಡಬ್ಬದ ಮೇಲೆ 300 ಚದರ ಅಡಿ ಅಂತಿತ್ತು. ಅಮ್ಮನ ಕೋಣೆ 12 ಅಡಿಗೆ 14 ಅಡಿ, ಅಂದರೆ 168 ಚದರ ಅಡಿ. ಧಾರಾಳ ಆಯ್ತು ಅಂದುಕೊಂಡೆ.

ಸಾಕಾಗಲಿಲ್ಲ. ಫುಲ್ ಸ್ಪೀಡಲ್ಲಿ ಇಟ್ಟರೂ ಕೆಮ್ಮು ಹಾಗೇ ಇತ್ತು. "ಇದೆಂಥದ ಮಾರಾಯ, ಕಾಫಿ ಸಿಪ್ಪೆ ಸುಲಿಯುವ ಹಲ್ಲರ್ ಪಕ್ಕ ಮಲಗಿದ ಹಾಗಾಗ್ತದೆ" ಅಂತ ರಾತ್ರಿ ಅಮ್ಮನೇ ಆಫ್ ಮಾಡುತ್ತಿದ್ದರು.

ತಪ್ಪಾಗಿದ್ದು ಎತ್ತರದ ಲೆಕ್ಕದಲ್ಲಿ. ಡಬ್ಬದ ಮೇಲಿನ ಚದರ ಅಡಿಯನ್ನು ಸಾಮಾನ್ಯವಾಗಿ ಎಂಟೊಂಬತ್ತು ಅಡಿ ಎತ್ತರದ ಪೇಟೆ ಮನೆಗೆ ಹಾಕಿರುತ್ತಾರೆ. ಗಾಳಿ ಗಂಟೆಗೆ ಎರಡು ಸಲ ಸೋಸಿದರೂ ಸಾಕು ಅಂತ ಹಿಡಿದು ಬರೆಯುವವರೂ ಇದ್ದಾರೆ. ನಮ್ಮ ಮುಚ್ಚಿಗೆ, ಅಂದರೆ ಹೆಂಚಿನ ಕೆಳಗಿನ ಒಳಚಾವಣಿ, ಎಷ್ಟು ಎತ್ತರ ಅಂತ ನಾನು ಯಾವತ್ತೂ ನೋಡಿರಲಿಲ್ಲ. ಹಣ್ಣು ಕೀಳುವ ದೋಟಿ ತಂದು, ನೆಲಕ್ಕೂರಿ ಮುಚ್ಚಿಗೆಗೆ ತಾಗಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಟೇಪ್ ಹಿಡಿದೆ. 13 ಅಡಿ!

ನೀವೂ ಹೀಗೆ ಮಾಡಿ. ಉದ್ದ, ಅಗಲ, ಎತ್ತರ ಮೂರನ್ನೂ ಅಡಿಯಲ್ಲಿ ಗುಣಿಸಿ. ಬಂದದ್ದನ್ನು 7ರಿಂದ ಭಾಗಿಸಿ. ಆ ಸಂಖ್ಯೆಯೇ ನಿಮಗೆ ಬೇಕಾದ ಸಿಎಡಿಆರ್, ಅಂದರೆ ಮಷಿನ್ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಅಳತೆ. ಒಂದು ಘನ ಮೀಟರ್ ಅಂದರೆ ಸುಮಾರು 35 ಘನ ಅಡಿ. ಗಂಟೆಗೆ ಐದು ಸಲ ಕೋಣೆಯ ಗಾಳಿಯೆಲ್ಲ ಸೋಸಬೇಕು ಅಂತ ಹಿಡಿದರೆ, 35ನ್ನು 5ರಿಂದ ಭಾಗಿಸಿ ಆ 7 ಬಂತು. ಉಬ್ಬಸ, ಅಲರ್ಜಿ ಇರುವವರ ಕೋಣೆಗೆ ಐದಕ್ಕಿಂತ ಕಡಿಮೆ ಹಿಡಿಯಬೇಡಿ.

ನಮ್ಮ ಕೋಣೆಗೆ 2184 ಘನ ಅಡಿ, ಭಾಗಿಸಿದರೆ 312. ನಾನು ತಂದಿದ್ದ ಮಷಿನ್‌ನ ಸಿಎಡಿಆರ್ ಬರೀ 150. ಕೆಲವು ಡಬ್ಬಗಳಲ್ಲಿ ಇದನ್ನು ನಿಮಿಷಕ್ಕೆ ಘನ ಅಡಿ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಆಗ 1.7ರಿಂದ ಗುಣಿಸಿಕೊಳ್ಳಿ.

ಇಲ್ಲಿಗೇ ನಿಲ್ಲಿಸಬೇಡಿ. ಆ ಸಂಖ್ಯೆ ಫುಲ್ ಸ್ಪೀಡಿನದ್ದು. ಫುಲ್ ಸ್ಪೀಡಲ್ಲಿ ಯಾರಿಗೂ ನಿದ್ದೆ ಬರಲ್ಲ. ಅದಕ್ಕೇ ಲೆಕ್ಕಕ್ಕೆ ಬಂದದ್ದರ ಒಂದೂವರೆ ಪಟ್ಟಿನದ್ದು ತಗೊಳ್ಳಿ, ನಡುವಿನ ಸ್ಪೀಡಲ್ಲಿ ಓಡಿಸಿ. ಈಗ ಅಮ್ಮನ ಕೋಣೆಯಲ್ಲಿರುವುದು 470ರದ್ದು. ರಾತ್ರಿಯಿಡೀ ಓಡುತ್ತದೆ, ಅಮ್ಮ ಅದನ್ನು ಮುಟ್ಟುವುದೇ ಇಲ್ಲ. ಡಾಕ್ಟರ್ ಕೊಟ್ಟ ಇನ್‌ಹೇಲರ್ ಮಾತ್ರ ಹಾಗೇ ಮುಂದುವರಿದಿದೆ, ಅದನ್ನು ಬಿಡಬಾರದು.

ಮಲೆನಾಡಿನ ಮನೆಗಳಲ್ಲಿ ಇನ್ನೊಂದು ತೊಂದರೆ ಇದೆ. ಮುಚ್ಚಿಗೆ ಇಲ್ಲದ ಕೋಣೆಗಳಲ್ಲಿ ಎಷ್ಟೋ ಕಡೆ ಗೋಡೆ ಹೆಂಚಿನವರೆಗೆ ಹೋಗಿರುವುದಿಲ್ಲ. ಮೇಲಿಂದ ಪಕ್ಕದ ಕೋಣೆಯ ಗಾಳಿ, ಅಡುಗೆಮನೆ ಹೊಗೆ ಎಲ್ಲ ಒಳಗೆ ಬರುತ್ತದೆ. ಅಂಥ ಕಡೆ ಎಷ್ಟು ದೊಡ್ಡದು ತಂದರೂ ದುಡ್ಡು ದಂಡ. ಮೊದಲು ಮುಚ್ಚಿಗೆ ಹಾಕಿಸಿ, ಇಲ್ಲವೇ ಮಲಗುವ ಕೋಣೆ ಬದಲಿಸಿ. ಮಷಿನ್ ಓಡುವಾಗ ಬಾಗಿಲು, ಕಿಟಕಿ ಹಾಕಿರಲಿ. ಗೋಡೆಯಿಂದ ಒಂದಡಿ ದೂರ ಇಡಿ, ಮಂಚದ ಕೆಳಗೆ ಬೇಡ.

ಫಿಲ್ಟರ್ ಹೆಪಾ (HEPA, ತೀರಾ ಸಣ್ಣ ಧೂಳನ್ನೂ ಹಿಡಿಯುವಂಥದ್ದು) ಆಗಿರಲಿ. ಬದಲಿ ಫಿಲ್ಟರ್ ಬೆಲೆ ಅಂಗಡಿಯಲ್ಲೇ ಕೇಳಿಬಿಡಿ. ಕೊಯ್ಲಿನ ಸಮಯದಲ್ಲಿ ನಾನು ಎರಡು ವಾರಕ್ಕೊಮ್ಮೆ ಹೊರಗಿನ ಜಾಲರಿ ಬಿಚ್ಚುತ್ತೇನೆ. ಚೆರಿ ಸಿಪ್ಪೆಯ ಕಂದು ಪುಡಿ ಹತ್ತಿಯ ಹಾಗೆ ಮೆತ್ತಿಕೊಂಡಿರುತ್ತದೆ. ಅದನ್ನು ಬ್ರಶ್‌ನಲ್ಲಿ ಉಜ್ಜಿ ತೆಗೆಯುತ್ತೇನೆ. ಒಳಗಿನ ಹೆಪಾಗೆ ನೀರು ಹಾಕಬೇಡಿ, ಕೆಡುತ್ತದೆ. ಮಳೆಗಾಲದ ತೇವ, ಬೂಸ್ಟು ಇದರಿಂದ ಹೋಗುವುದಿಲ್ಲ, ಅದಕ್ಕೆ ಬೇರೆಯೇ ದಾರಿ ನೋಡಬೇಕು.

ಕೊಳ್ಳುವಾಗ ಒಂದು ಕೆಲಸ ಮಾಡಿ. ಮಷಿನ್ ಓಡುತ್ತಿರುವಾಗಲೇ ಗೋಡೆಯ ಸ್ವಿಚ್ ಆರಿಸಿ ಮತ್ತೆ ಹಾಕಿಸಿ ನೋಡಿ. ಕೆಲವು ತಾವಾಗಿ ಶುರುವಾಗುವುದಿಲ್ಲ, ಬಟನ್ ಒತ್ತಬೇಕು. ನಮ್ಮ ಕಡೆ ರಾತ್ರಿ ಕರೆಂಟು ಹೋಗಿ ಬರುವುದು ಎಷ್ಟು ಸಲ ಅಂತ ನಿಮಗೆ ಗೊತ್ತೇ ಇದೆಯಲ್ವಾ?