10 ಲೀಟರ್ ಕ್ಯಾಬಿನೆಟ್, ಬರೀ ಏರ್ ಕೂಲಿಂಗ್: ನನ್ನ ಪುಟ್ಟ ಗೇಮಿಂಗ್ ಪಿಸಿ ಅನುಭವ

ಸುಮಾರು 10 ಲೀಟರಿನ ಕ್ಯಾಬಿನೆಟ್. ಒಳಗೆ ರೈಜೆನ್ 5 7600 ಪ್ರೊಸೆಸರ್ ಮತ್ತು ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್. ಲಿಕ್ವಿಡ್ ಕೂಲರ್ ಇಲ್ಲ. 1440ಪಿ ರೆಸಲ್ಯೂಶನ್‌ನಲ್ಲಿ ಗಂಟೆಗಟ್ಟಲೆ ಆಡಿದರೂ ಪ್ರೊಸೆಸರ್ 70 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಕಾರ್ಡ್ 65 ದಾಟುವುದು ಅಪರೂಪ. ಮೇಜಿನ ಮೇಲೆ, ಒಂದು ಕೈ ದೂರದಲ್ಲೇ ಇದ್ದರೂ ಫ್ಯಾನ್ ಸದ್ದು ಕಿವಿಗೆ ಬೀಳುವುದಿಲ್ಲ.

ಇದು ಆಗಲ್ಲ ಎಂದವರೇ ಜಾಸ್ತಿ. "ಅದು ಪಿಸಿ ಅಲ್ಲ ಕಣೋ, ಇಸ್ತ್ರಿ ಪೆಟ್ಟಿಗೆ ಆಗುತ್ತೆ" ಎಂದು ಒಬ್ಬ ಗೆಳೆಯ ಖಡಾಖಂಡಿತವಾಗಿ ಹೇಳಿದ್ದ. ಪಿಸಿ ಕಟ್ಟಿ ಅನುಭವ ಇರುವವರೇ ಹಾಗೆ ಹೇಳಿದಾಗ ಒಂದು ಕ್ಷಣ ಅನುಮಾನ ಬರುತ್ತದೆ, ಅಲ್ವಾ? ಆದರೆ ಅವರೆಲ್ಲ ಲೆಕ್ಕ ಹಾಕುತ್ತಿದ್ದದ್ದು ಪೆಟ್ಟಿಗೆಯಿಂದ ತೆಗೆದು ಹಾಗೇ ಓಡಿಸುವ ಪಾರ್ಟ್‌ಗಳನ್ನು ನೋಡಿ. ನಾನು ಹೋದ ದಾರಿ ಬೇರೆ. ಮೊದಲು ವಾಟ್ ಬಜೆಟ್, ಆಮೇಲೆ ದುಡ್ಡಿನ ಬಜೆಟ್.

ಇಷ್ಟು ಸಣ್ಣ ಜಾಗ ಸದ್ದಿಲ್ಲದೆ ಹೊರಹಾಕುವ ಬಿಸಿಗೆ ಒಂದು ಮಿತಿ ಇದೆ. ನನ್ನ ಕೈಲಿದ್ದ ಹಳೆಯ ಕಾರ್ಡ್ ಹಾಕಿ, ಪವರ್ ಲಿಮಿಟ್ ಏರಿಸುತ್ತಾ ಇಳಿಸುತ್ತಾ ನೋಡಿದಾಗ ಆ ಮಿತಿ ಒಟ್ಟು 230 ವಾಟ್ ಹತ್ತಿರ ಸಿಕ್ಕಿತು. ಅದರ ಮೇಲೆ ಹೋದರೆ ಫ್ಯಾನ್‌ಗಳು ಕಿರುಚಲು ಶುರು. ಹಾಗಾಗಿ ಆ 230ನ್ನು ಹೀಗೆ ಹಂಚಿದೆ: ಕಾರ್ಡ್‌ಗೆ 150, ಪ್ರೊಸೆಸರ್‌ಗೆ ಹೆಚ್ಚೆಂದರೆ 65, ಉಳಿದದ್ದು ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿಗೆ. ಆಟ ಆಡುವಾಗ ಪ್ರೊಸೆಸರ್ 65ರ ತನಕ ಹೋಗುವುದೇ ಇಲ್ಲ. 45-50ರಲ್ಲಿ ನಿಲ್ಲುತ್ತದೆ. ಆ ಉಳಿತಾಯ ನನ್ನ ಗುಟ್ಟಿನ ಜೇಬು.

ಈ ಲೆಕ್ಕ ಕೈಯಲ್ಲಿದ್ದರೆ ಪಾರ್ಟ್ ಆರಿಸುವುದು ಸುಲಭ. 7600 ಮತ್ತು 7600ಎಕ್ಸ್ ಎರಡರಲ್ಲೂ 6 ಕೋರ್. ಆದರೆ ಮೊದಲನೆಯದರ ಪಿಪಿಟಿ (ಪ್ರೊಸೆಸರ್ ಎಳೆಯಬಹುದಾದ ಗರಿಷ್ಠ ಪವರ್) 88 ವಾಟ್, ಎರಡನೆಯದರದ್ದು 142. ಆಟದಲ್ಲಿ ಸಿಗುವ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು. ಎಕ್ಸ್ ಮಾದರಿಗಳು 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲುವಂತೆಯೇ ತಯಾರಾದವು. ದೊಡ್ಡ ಕೂಲರ್ ಇದ್ದರೆ ಪರವಾಗಿಲ್ಲ. 50 ಮಿ.ಮೀ. ಎತ್ತರದ ಕೂಲರ್‌ಗೆ ಅದು ಬೇಡ.

ಕಾರ್ಡ್ ವಿಷಯದಲ್ಲಿ ತುಂಬ ತಲೆ ಕೆಡಿಸಿಕೊಂಡೆ. ಆರ್‌ಎಕ್ಸ್ 7800 ಎಕ್ಸ್‌ಟಿಯಲ್ಲಿ 16 ಜಿಬಿ ಮೆಮೊರಿ, ಒಳ್ಳೆಯ ಕಾರ್ಡ್, ಆದರೆ 263 ವಾಟ್. ಅದೊಂದೇ ನನ್ನ ಇಡೀ ಬಜೆಟ್ ನುಂಗುತ್ತದೆ. ಆರ್‌ಟಿಎಕ್ಸ್ 4060 ಬರೀ 115 ವಾಟ್, ತಂಪಾಗಿಡುವುದು ಸಲೀಸು, ಆದರೆ 8 ಜಿಬಿ 1440ಪಿಗೆ ಸಾಲದು. 4070 ಮಧ್ಯದಲ್ಲಿ ಕೂತಿತ್ತು. 200 ವಾಟ್, 12 ಜಿಬಿ. ಎರಡು ಸ್ಲಾಟ್ ದಪ್ಪದ, ಎರಡು ಫ್ಯಾನಿನ, ಒಂದೇ 8 ಪಿನ್ ಪವರ್ ಕನೆಕ್ಟರ್ ಇರುವ ಮಾದರಿಯನ್ನೇ ಹುಡುಕಿ ಕೊಂಡೆ. ಆ 8 ಪಿನ್ ಮುಖ್ಯ. ಅದರ ಬದಲು ಬರುವ 12ವಿಎಚ್‌ಪಿಡಬ್ಲ್ಯುಆರ್ ಕನೆಕ್ಟರ್‌ನಿಂದ ಹೊರಬಂದ ಕೇಬಲ್ ಸುಮಾರು 35 ಮಿ.ಮೀ. ನೇರವಾಗಿ ಹೋದ ಮೇಲೆಯೇ ಬಾಗಬೇಕು. ಬೋರ್ಡ್, ಕಾರ್ಡ್ ಬೆನ್ನಿಗೆ ಬೆನ್ನಾಗಿ ಕೂರುವ ಸ್ಯಾಂಡ್‌ವಿಚ್ ಕ್ಯಾಬಿನೆಟ್‌ನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು?

ಈಗ ದುಡ್ಡಿನ ಮಾತು. ಮಿನಿ ಐಟಿಎಕ್ಸ್, ಅಂದರೆ ಈ ಪುಟ್ಟ ಬೋರ್ಡ್ ಅಳತೆ, ದುಬಾರಿ ಅನ್ನುವುದು ಸುಳ್ಳಲ್ಲ. ಒಟ್ಟು ಖರ್ಚು 100 ಎಂದಿಟ್ಟುಕೊಂಡರೆ ಕಾರ್ಡ್‌ಗೆ ಹೆಚ್ಚುಕಡಿಮೆ 41, ಪ್ರೊಸೆಸರ್‌ಗೆ 13, ಬಿ650 ಐಟಿಎಕ್ಸ್ ಬೋರ್ಡ್‌ಗೂ 13 ಹೋಯಿತು. ಎಸ್‌ಎಫ್‌ಎಕ್ಸ್ ಎಂಬ ಸಣ್ಣ ಅಳತೆಯ ಎಸ್‌ಎಂಪಿಎಸ್‌ಗೆ (ಪವರ್ ಸಪ್ಲೈ) 8, ಕ್ಯಾಬಿನೆಟ್‌ಗೆ 8, 32 ಜಿಬಿ ಡಿಡಿಆರ್5ಗೆ 8, ಎಸ್‌ಎಸ್‌ಡಿಗೆ 6, ಕೂಲರ್‌ಗೆ 3. ಇದೇ ಪಾರ್ಟ್‌ಗಳನ್ನು ಅದಕ್ಕಿಂತ ದೊಡ್ಡದಾದ ಮೈಕ್ರೊ ಎಟಿಎಕ್ಸ್ ಅಳತೆಯಲ್ಲಿ ಕಟ್ಟಿದ್ದರೆ 85ರಲ್ಲಿ ಮುಗಿಯುತ್ತಿತ್ತು. ಆ 15 ಚಿಕ್ಕದಾಗಿರುವುದಕ್ಕೆ ಕೊಟ್ಟ ಬೆಲೆ, ಅದನ್ನು ಕೊಡುವುದಕ್ಕೆ ನನಗೆ ಬೇಸರವಿಲ್ಲ. ಬೇಸರ ಆದದ್ದು ಕೆಲಸಕ್ಕೆ ಬಾರದೆ ಹೋದ ಸಾಮಾನುಗಳಿಗೆ ಹೋದ ಇನ್ನೊಂದು 10-12ರ ಬಗ್ಗೆ.

ಅದರಲ್ಲಿ ಮೊದಲನೆಯದು 240 ಮಿ.ಮೀ. ಲಿಕ್ವಿಡ್ ಕೂಲರ್. ಮೊದಲ ಸುತ್ತಿನಲ್ಲಿ ಮೇಲೆ ರೇಡಿಯೇಟರ್ ಕೂರುವ ಬೇರೊಂದು 11 ಲೀಟರ್ ಕ್ಯಾಬಿನೆಟ್ ಇತ್ತು. ಬರೀ ಪ್ರೊಸೆಸರ್ ಟೆಸ್ಟ್ ಓಡಿಸಿದರೆ ಸೊಗಸಾದ ಅಂಕಿ ಬರುತ್ತಿತ್ತು. ಆಟ ಶುರು ಮಾಡಿದರೆ ಕಾರ್ಡಿನ ಬಿಸಿಯೆಲ್ಲ ಮೇಲೇರಿ ಅದೇ ರೇಡಿಯೇಟರ್ ಮೂಲಕ ಹೊರಗೆ ಹೋಗಬೇಕು. ನೀರು ಕಾದು ಕೂತರೆ ಅರ್ಧ ಗಂಟೆಯಲ್ಲಿ ಪ್ರೊಸೆಸರ್ ಏರ್ ಕೂಲರ್‌ಗಿಂತ ಬಿಸಿ. ಪಂಪಿನ ಗುಂಯ್ ಸದ್ದು ಬೇರೆ. ಟ್ಯೂಬ್‌ಗಳು ಕೇಬಲ್ ಮೇಲೆ ಒತ್ತಿ ಪಕ್ಕದ ಪ್ಯಾನೆಲ್ ಉಬ್ಬಿಕೊಂಡಿತ್ತು. ಕೂಲರ್ ಅರ್ಧ ಬೆಲೆಗೆ ಹೋಯಿತು, ಕ್ಯಾಬಿನೆಟ್ ಸ್ವಲ್ಪ ವಾಸಿ.

ಎರಡನೆಯದು ಕಾರ್ಡನ್ನು ಬೋರ್ಡಿನ ಸ್ಲಾಟ್‌ಗೆ ಜೋಡಿಸುವ ರೈಸರ್ ಕೇಬಲ್. ಪಿಸಿಐಇ ಜೆನ್ 4 (ಸ್ಲಾಟ್‌ನ ವೇಗದ ತಲೆಮಾರು) ಎಂದು ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿತ್ತು. ಆಟದ ಮಧ್ಯೆ ಪರದೆ ಕಪ್ಪಾಗುವುದು, ಪಿಸಿಯ ಒಳಗಿನ ಅಂಕಿ ತೋರಿಸುವ ಎಚ್‌ಡಬ್ಲ್ಯುಇನ್ಫೋದಲ್ಲಿ ಡಬ್ಲ್ಯುಎಚ್‌ಇಎ (ಹಾರ್ಡ್‌ವೇರ್) ಎರರ್‌ಗಳ ಸಾಲು. ಡ್ರೈವರ್ ಬದಲಿಸಿ, ರ‍್ಯಾಮ್ ಬದಲಿಸಿ, ಎಸ್‌ಎಂಪಿಎಸ್ ಮೇಲೆ ಅನುಮಾನಪಟ್ಟು, ಕೊನೆಗೆ ಬಯೋಸ್‌ನಲ್ಲಿ ಸ್ಲಾಟ್ ಜೆನ್ 3ಗೆ ಇಳಿಸಿದೆ. ಎರರ್ ಪೂರ್ತಿ ಮಾಯ. 4070ಗೆ 16 ಲೇನ್ (ಡೇಟಾ ಓಡುವ ದಾರಿ) ಇರುವುದರಿಂದ ಜೆನ್ 3ರಲ್ಲೂ ಕಳೆದುಕೊಳ್ಳುವುದು ಶೇ 1-2 ಅಷ್ಟೆ. ಆದರೆ 4060 ಅಥವಾ ಆರ್‌ಎಕ್ಸ್ 7600 ಹಾಕುವವರು ಹುಷಾರು. ಅವುಗಳಲ್ಲಿ ಇರುವುದೇ 8 ಲೇನ್. ಜೆನ್ 3ಗೆ ಇಳಿದರೆ, ಅದರಲ್ಲೂ ಮೆಮೊರಿ ತುಂಬಿದಾಗ, ಫ್ರೇಮ್ ಬೀಳುವುದು ಗೊತ್ತಾಗುತ್ತದೆ. ಆಮೇಲೆ ಒಳ್ಳೆಯ ಶೀಲ್ಡಿಂಗ್ ಇರುವ ಇನ್ನೊಂದು ರೈಸರ್ ತರಿಸಿದೆ. ಜೆನ್ 4ರಲ್ಲೇ ಓಡುತ್ತಿದೆ, ಒಂದು ಎರರ್ ಇಲ್ಲ.

ಮೂರನೆಯ ಖರ್ಚು ಅಳತೆಗೆ ಮಾಡಿಸಿದ ಗಿಡ್ಡ ಕೇಬಲ್‌ಗಳದ್ದು. ಇದು ದಂಡ ಅಲ್ಲ, ಆದರೆ ದುಬಾರಿ. ಎಸ್‌ಎಂಪಿಎಸ್ ಜೊತೆ ಬರುವ ಉದ್ದ ಕೇಬಲ್ ಸುತ್ತಿಟ್ಟರೆ ಗಾಳಿ ಓಡಾಡುವ ಜಾಗವೇ ಮುಚ್ಚಿಹೋಗುತ್ತದೆ. ಗಿಡ್ಡ ಮಾಡಿದ್ದಕ್ಕೇ ಪ್ರೊಸೆಸರ್ 3-4 ಡಿಗ್ರಿ ಇಳಿಯಿತು. ದುಡ್ಡು ಉಳಿಸಲು ಬೇರೆ ಎಸ್‌ಎಂಪಿಎಸ್‌ನ ಮಾಡ್ಯುಲರ್ ಕೇಬಲ್ ಮಾತ್ರ ಸಿಕ್ಕಿಸಬೇಡಿ. ಪಿನ್ ಕೂತರೂ ಒಳಗಿನ ವೈರಿಂಗ್ ಬೇರೆ ಇರುತ್ತದೆ, ಬೋರ್ಡ್ ಸುಟ್ಟುಹೋಗಬಹುದು.

ಇನ್ನು ಅಸಲಿ ಕೆಲಸ, ಅಂಡರ್‌ವೋಲ್ಟ್, ಅಂದರೆ ಚಿಪ್‌ಗೆ ಹೋಗುವ ವೋಲ್ಟೇಜ್ ಇಳಿಸುವುದು. 4070 ಹಾಗೇ ಬಿಟ್ಟರೆ 200 ವಾಟ್ ಎಳೆಯುತ್ತಿತ್ತು, ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) 90 ಡಿಗ್ರಿ ದಾಟುತ್ತಿತ್ತು. ಸುಮ್ನೆ ಪವರ್ ಲಿಮಿಟ್ ಸ್ಲೈಡರ್ ಎಳೆದರೆ ಕ್ಲಾಕ್ ಮೇಲೆ ಕೆಳಗೆ ಕುಣಿಯುತ್ತದೆ. ಎಫ್‌ಪಿಎಸ್ ಸರಾಸರಿ ಚೆನ್ನಾಗಿ ಕಂಡರೂ ಆಟ ಮುಗ್ಗರಿಸಿದ ಹಾಗೆ ಅನ್ನಿಸುತ್ತದೆ. ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನ ವೋಲ್ಟೇಜ್-ಕ್ಲಾಕ್ ಕರ್ವ್‌ನಲ್ಲೇ ಕೆಲಸ ಮಾಡಬೇಕು. 0.9 ವೋಲ್ಟ್‌ನಲ್ಲಿ ಟೈಮ್ ಸ್ಪೈ ಎಂಬ ಗ್ರಾಫಿಕ್ಸ್ ಟೆಸ್ಟ್ ಪಾಸಾಯಿತು, ಗಂಟೆಗಟ್ಟಲೆ ಲೂಪ್‌ನಲ್ಲಿ ಹಾಕಿದರೂ ಪಾಸು. ಸೈಬರ್‌ಪಂಕ್ 2077ರಲ್ಲಿ ಪಾತ್ ಟ್ರೇಸಿಂಗ್ ಆನ್ ಮಾಡಿದ ಹತ್ತೇ ನಿಮಿಷಕ್ಕೆ ಕ್ರ್ಯಾಶ್. ಆಟದಲ್ಲಿ ಬೆಳಕಿನ ಲೆಕ್ಕ ಹಾಕುವ ಆರ್‌ಟಿ ಕೋರ್‌ಗಳಿಗೆ ಕೆಲಸ ಕೊಡದ ಟೆಸ್ಟ್ ನಂಬಿದರೆ ಹೀಗೇ ಆಗುವುದು. ಕೊನೆಗೆ ಗಟ್ಟಿಯಾಗಿ ನಿಂತದ್ದು 0.925 ವೋಲ್ಟ್‌ಗೆ 2,550 ಮೆಗಾಹರ್ಟ್ಸ್ ಹತ್ತಿರ. ಈಗ ಎಳೆಯುವುದು 145-150 ವಾಟ್. ಸ್ಕೋರ್ ಶೇ 3-4 ಇಳಿಯಿತು, ಪವರ್ ಶೇ 25 ಇಳಿಯಿತು. ಇಂಥ ವ್ಯಾಪಾರ ಬೇರೆ ಎಲ್ಲೂ ಸಿಗಲ್ಲ. ಆ ಬಿಂದುವಿನ ಕೆಳಗಿನ ಕರ್ವ್ ಆಕಾರವನ್ನೂ ನಾನು ಬದಲಿಸಿದ್ದೇನೆ. ಲೋಡ್ ಏರಿಳಿಯುವಾಗ ನನ್ನ ಕಾರ್ಡ್ ನಯವಾಗಿ ಓಡುವುದು ಅದರಿಂದಲೇ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ಪ್ರೊಸೆಸರ್‌ಗೆ ಪಿಪಿಟಿ 65 ವಾಟ್, ಜೊತೆಗೆ ಕೋರ್‌ಗಳ ವೋಲ್ಟೇಜ್ ಇಳಿಸುವ ಕರ್ವ್ ಆಪ್ಟಿಮೈಜರ್. ಎಲ್ಲ ಕೋರ್‌ಗೂ ಮೈನಸ್ 30 ಹಾಕಿದಾಗ ಸಿನೆಬೆಂಚ್ ಎಂಬ ಪ್ರೊಸೆಸರ್ ಟೆಸ್ಟ್ ಚೆನ್ನಾಗಿ ಓಡಿತು. ಆಮೇಲೆ ಏನೂ ಕೆಲಸವಿಲ್ಲದೆ ಸುಮ್ಮನೆ ಇದ್ದಾಗ ರೀಸ್ಟಾರ್ಟ್. ಲೋಡ್ ಇಲ್ಲದಾಗ ಒಂದೊಂದೇ ಕೋರ್ ತಟ್ಟನೆ ಪೂರ್ತಿ ಕ್ಲಾಕ್‌ಗೆ ಜಿಗಿಯುತ್ತದೆ, ಆಗ ವೋಲ್ಟೇಜ್ ಸಾಲುವುದಿಲ್ಲ. ಈಗ ಒಳ್ಳೆಯ ಎರಡು ಕೋರ್‌ಗೆ ಮೈನಸ್ 12, ಉಳಿದವಕ್ಕೆ ಮೈನಸ್ 20. ಸಿನೆಬೆಂಚ್ ಆರ್23ರಲ್ಲಿ 14,000ದ ಹತ್ತಿರ ಇದ್ದದ್ದು 13,500ರ ಸುತ್ತ ಬಂದಿದೆ. ಆಟದಲ್ಲಿ ವ್ಯತ್ಯಾಸ ಸೊನ್ನೆ.

ಇನ್ನೊಂದು, ಫ್ರೇಮ್ ಕ್ಯಾಪ್, ಅಂದರೆ ಸೆಕೆಂಡಿಗೆ ಇಷ್ಟೇ ಫ್ರೇಮ್ ಎಂಬ ಮಿತಿ. ನನ್ನದು 144 ಹರ್ಟ್ಸ್ ಮಾನಿಟರ್. 138ಕ್ಕೆ ಕ್ಯಾಪ್ ಹಾಕಿದ್ದೇನೆ. ಹಗುರ ಆಟಗಳಲ್ಲಿ ಕಾರ್ಡ್ 90-100 ವಾಟ್‌ನಲ್ಲೇ ಕಾಲ ಕಳೆಯುತ್ತದೆ. ಗೋಡೆಯ ಪ್ಲಗ್‌ನಲ್ಲಿ ಅಳೆದಾಗ ಮೊದಲು 340ರ ಹತ್ತಿರ ತೋರಿಸುತ್ತಿದ್ದ ಮೀಟರ್ ಈಗ ಭಾರಿ ಆಟದಲ್ಲೂ 260 ದಾಟುವುದಿಲ್ಲ. 600 ವಾಟ್ ಎಸ್‌ಎಂಪಿಎಸ್ ಅರ್ಧ ಲೋಡ್ ಕೂಡ ಮುಟ್ಟದೆ ಆರಾಮಾಗಿದೆ. "750 ಇಲ್ಲದೆ ಆಗಲ್ಲ" ಎಂದಿದ್ದವರಿಗೆ ಈ ಮೀಟರಿನ ಫೋಟೊ ಕಳಿಸಿದ್ದೆ.

ಗಾಳಿಯ ದಾರಿ ಬಗ್ಗೆ ಒಂದಿಷ್ಟು ಆಟ ಆಡಿದೆ. ಪ್ರೊಸೆಸರ್ ಕೂಲರ್ ಮತ್ತು ಪಕ್ಕದ ಜಾಲರಿ ಪ್ಯಾನೆಲ್ ನಡುವೆ ಸುಮಾರು 8 ಮಿ.ಮೀ. ಸಂದು ಉಳಿದಿತ್ತು. ಫ್ಯಾನ್ ಹೊರಗಿನ ತಂಪು ಗಾಳಿ ಬಿಟ್ಟು ಆ ಸಂದಿನಿಂದ ಒಳಗಿನ ಬಿಸಿ ಗಾಳಿಯನ್ನೇ ಮತ್ತೆ ಎಳೆಯುತ್ತಿತ್ತು. ಫೋಮ್ ಶೀಟ್ ಕತ್ತರಿಸಿ ಸುತ್ತ ಒಂದು ಚೌಕಟ್ಟು ಮಾಡಿ ಸಂದು ಮುಚ್ಚಿದೆ. ಖರ್ಚು ಇಲ್ಲವೇ ಇಲ್ಲ ಅನ್ನಬಹುದು, ಇಳಿದದ್ದು 6-7 ಡಿಗ್ರಿ. ಇಡೀ ಬಿಲ್ಡ್‌ನಲ್ಲಿ ನನಗೆ ಅತಿ ಖುಷಿ ಕೊಟ್ಟ ಕೆಲಸ ಇದೇ. ಫೋಮ್ ನೇರ ಚೌಕ ಅಲ್ಲ, ಒಂದು ಮೂಲೆಯಲ್ಲಿ ಬೇಕೆಂದೇ ಸೀಳು ಬಿಟ್ಟಿದ್ದೇನೆ. ಯಾವ ಮೂಲೆ ಎಂದು ಹೇಳಲ್ಲ, ನಿಮ್ಮ ಬೋರ್ಡಿನ ವಿಆರ್‌ಎಂ (ಪ್ರೊಸೆಸರ್‌ಗೆ ಪವರ್ ಕೊಡುವ ಭಾಗ) ಎಲ್ಲಿದೆ ನೋಡಿಕೊಂಡು ಹುಡುಕಿ.

ಫ್ಯಾನ್ ತಿರುಗಿಸಿ ಗಾಳಿ ಹೊರಗೆ ಎಳೆಯುವ ಹಾಗೂ ಮಾಡಿ ನೋಡಿದೆ. ಪ್ರೊಸೆಸರ್‌ಗೆ ಹೆಚ್ಚು ನಷ್ಟವಾಗಲಿಲ್ಲ, ಹೊಡೆತ ಬಿದ್ದದ್ದು ರ‍್ಯಾಮ್‌ಗೆ. ಡಿಡಿಆರ್5ರಲ್ಲಿ ಪವರ್ ಚಿಪ್ ಕೂಡ ಸ್ಟಿಕ್ ಮೇಲೇ ಇರುತ್ತದೆ, ಅದಕ್ಕೆ ಗಾಳಿ ಬೇಕು. 60 ಡಿಗ್ರಿ ದಾಟಿದ ಮೇಲೆ ನಾನು ಬಿಗಿ ಮಾಡಿದ್ದ ಟೈಮಿಂಗ್‌ನಲ್ಲಿ ಎರರ್ ಬರತೊಡಗಿತು. ಮತ್ತೆ ಒಳಗೆ ಊದುವ ದಿಕ್ಕಿಗೇ ಬಂದೆ.

ಕಾರ್ಡಿನ ಪ್ಲಾಸ್ಟಿಕ್ ಹೊದಿಕೆ, ಅದರ ಫ್ಯಾನ್ ಎರಡನ್ನೂ ಬಿಚ್ಚಿ, ಹೀಟ್‌ಸಿಂಕ್ ಮೇಲೆ 15 ಮಿ.ಮೀ. ದಪ್ಪದ ಎರಡು 120 ಮಿ.ಮೀ. ಫ್ಯಾನ್ ಕಟ್ಟಿದ್ದೇನೆ. ಬರೀ ಜಿಪ್ ಟೈ. ಕಾರ್ಡಿನ ಸಣ್ಣ 4 ಪಿನ್ ಸಾಕೆಟ್‌ಗೆ ಅಡಾಪ್ಟರ್ ಬೇಕು, ಆಗ ಕಾರ್ಡೇ ಫ್ಯಾನ್ ವೇಗ ನೋಡಿಕೊಳ್ಳುತ್ತದೆ. 5 ಡಿಗ್ರಿ ಕಡಿಮೆ, ಸದ್ದು ಅದಕ್ಕಿಂತ ಕಡಿಮೆ. ವಾರಂಟಿ ಷರತ್ತು ಓದಿಕೊಂಡು ಕೈ ಹಾಕಿ. ಬಿಚ್ಚಿದಾಗಲೇ ಚಿಪ್ ಮೇಲಿನ ಥರ್ಮಲ್ ಪೇಸ್ಟ್ ತೆಗೆದು ಪಿಟಿಎಂ7950 ಎಂಬ ಬಿಸಿ ದಾಟಿಸುವ ಶೀಟ್ ಹಾಕಿದೆ. 45 ಡಿಗ್ರಿ ಹತ್ತಿರ ಮೆತ್ತಗಾಗಿ ಹರಡಿಕೊಳ್ಳುತ್ತದೆ, ಪೇಸ್ಟಿನ ಹಾಗೆ ತಿಂಗಳು ಕಳೆದಂತೆ ಅಂಚಿಗೆ ಸರಿದುಹೋಗುವುದಿಲ್ಲ. ಹಚ್ಚುವ ಮೊದಲು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ಮೇಲಿನ ಹಾಳೆ ಹರಿಯದೆ ಬಿಡುತ್ತದೆ.

ಕಾಲುಗಳ ಎತ್ತರ ಕೂಡ ಲೆಕ್ಕಕ್ಕೆ ಬರುತ್ತದೆ. ರಬ್ಬರ್ ತುಂಡು ಅಂಟಿಸಿ 15 ಮಿ.ಮೀ. ಎತ್ತರಿಸಿದೆ, ಕಾರ್ಡ್ 2-3 ಡಿಗ್ರಿ ಇಳಿಯಿತು. ಇನ್ನೂ ಎತ್ತರಿಸಿದರೆ ಲಾಭವಿಲ್ಲ, ನೋಡಿದ್ದೇನೆ.

ಧೂಳಿನ ಫಿಲ್ಟರ್ ವಿಷಯದಲ್ಲಿ ನನ್ನ ತೀರ್ಮಾನ ಸದ್ಯಕ್ಕೆ ಹೀಗಿದೆ: ಕಾರ್ಡ್ ಕಡೆ ಮ್ಯಾಗ್ನೆಟ್ ಜಾಲರಿ ಹಾಕಿದ್ದೇನೆ, ಅಲ್ಲಿ 2 ಡಿಗ್ರಿ ಏರಿದರೂ ನಡೆಯುತ್ತದೆ. ಪ್ರೊಸೆಸರ್ ಕಡೆ ಹಾಕಿಲ್ಲ, ಸಣ್ಣ ಕೂಲರ್ ಆ ತಡೆಯನ್ನು ತಾಳುವುದಿಲ್ಲ. ಬದಲಿಗೆ ಎರಡು ಮೂರು ತಿಂಗಳಿಗೊಮ್ಮೆ ಪ್ಯಾನೆಲ್ ತೆಗೆದು, ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು ಬ್ಲೋಯರ್ ಹೊಡೆಯುತ್ತೇನೆ. ಹತ್ತು ನಿಮಿಷದ ಕೆಲಸ.