ನೇತ್ರಾಣಿಯ ಚಿಟ್ಟೆಮೀನನ್ನು ನಾನು ಗುರುತು ಹಿಡಿದ ಬಗೆ

ನೇತ್ರಾಣಿ ದ್ವೀಪದ ಹತ್ತಿರ, ಮೀನಿನ ಹಿಂದೆ ಈಜಬೇಡಿ, ಕ್ಯಾಮೆರಾ ಬಂಡೆ ಮೇಲಿಟ್ಟು ದೂರ ಹೋಗಿ ಅಂತ ನಾನು ಅಂದಾಗ ಡೈವಿಂಗ್ ಗೆಳೆಯರು ನಕ್ಕಿದ್ದರು. 'ಸಮುದ್ರಕ್ಕೆ ದಾನ ಮಾಡ್ತೀಯಾ?' ಅಂದ ಒಬ್ಬ. ಈಗ ಅವನೇ ನನ್ನ ವಿಡಿಯೊ ಕೇಳಿ ತರಿಸಿಕೊಳ್ಳುತ್ತಾನೆ.

ಜಗಳ ಒಂದೇ ಮೀನಿನದು. ಬಿಳಿ ಮೈ, ಓರೆ ಗೆರೆ, ಕಣ್ಣಿಗೆ ಕಪ್ಪು ಪಟ್ಟಿ. ಎಲ್ಲರೂ ಕೀಟೊಡಾನ್ ವ್ಯಾಗಬಂಡಸ್ ಅನ್ನುವ ಚಿಟ್ಟೆಮೀನು ಅಂತ ಬರೆದುಕೊಳ್ಳುತ್ತಿದ್ದರು. ನಾನು ಅದೇ ಕುಲದ ಇನ್ನೊಂದು ಜಾತಿ, ಡೆಕುಸ್ಯಾಟಸ್ ಅನ್ನುತ್ತಿದ್ದೆ. ಗೆರೆ ನೋಡಿ ಪ್ರಯೋಜನವಿಲ್ಲ, ಎರಡಕ್ಕೂ ಒಂದೇ ಥರ, ಆರಿಗಾ ಅನ್ನುವ ಮತ್ತೊಂದು ಚಿಟ್ಟೆಮೀನಿಗೂ ಹಾಗೇ. ಮೈಯ ಹಿಂಭಾಗ ನೋಡಬೇಕು. ವ್ಯಾಗಬಂಡಸ್‌ಗೆ ಅಲ್ಲಿ ಹಳದಿ, ನಡುವೆ ತೆಳು ಕಪ್ಪು ಪಟ್ಟಿ. ಡೆಕುಸ್ಯಾಟಸ್‌ಗೆ ಬೆನ್ನಿನ ರೆಕ್ಕೆ, ಕೆಳಗಿನ ರೆಕ್ಕೆ ಎರಡರ ಹಿಂಬದಿಯೂ ಅಗಲಕ್ಕೆ ಕಪ್ಪು. ಆದರೆ ಬೆನ್ನಟ್ಟಿದರೆ ಮೀನು ತಿರುಗಿ ಓಡುತ್ತದೆ. ಚಪ್ಪಟೆ ಮೀನು ಅಲ್ವಾ, ಹಿಂದಿನಿಂದ ಬರೀ ಒಂದು ಗೀಟು ಕಾಣುತ್ತದೆ.

ಮೊದಲ ಕ್ಯಾಮೆರಾ 20,000 ರೂಪಾಯಿ ಹತ್ತಿರದ್ದು. ಕೇಸಿನ ಓ-ರಿಂಗ್‌ಗೆ (ನೀರು ತಡೆಯುವ ರಬ್ಬರ್ ಬಳೆ) ಮರಳಿನ ಕಣ ಸಿಕ್ಕಿ ಒಳಗೆ ನೀರು ನುಗ್ಗಿತು. ಎರಡನೆಯದು ಸೆಕೆಂಡ್ ಹ್ಯಾಂಡ್, 12,000 ಇರಬೇಕು. ಸೆಳೆತಕ್ಕೆ ಮಗುಚಿ ಅರ್ಧ ಗಂಟೆ ನನ್ನದೇ ಗುಳ್ಳೆಗಳನ್ನು ರೆಕಾರ್ಡ್ ಮಾಡಿತ್ತು! ಪ್ರತಿ ಸಲ ಮುರ್ಡೇಶ್ವರದಿಂದ ದೋಣಿ, ಡೈವ್ ಸೇರಿ ಐದಾರು ಸಾವಿರ ಬೇರೆ. ಒಟ್ಟು ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಈಗ ಕ್ಯಾಮೆರಾಗೆ ಎರಡು ಕೆಜಿ ಸೀಸ ಕಟ್ಟುತ್ತೇನೆ. ಗಂಟು ಹಾಕುವ ಬಗೆ ನನ್ನಲ್ಲೇ ಇರಲಿ. ಸುಮಾರು 10 ಮೀಟರ್ ಆಳದಲ್ಲಿ, ದೊಡ್ಡ ಪೊರೈಟಿಸ್ ಜಾತಿಯ ಹವಳದ ಪಕ್ಕದ ಬರಿ ಬಂಡೆ ಮೇಲೆ ಇಡುತ್ತೇನೆ. ಜೀವಂತ ಹವಳದ ಮೇಲೆ ಬೇಡ. ಡೆಕುಸ್ಯಾಟಸ್ ಹವಳದ ಜೊತೆ ಪಾಚಿಯನ್ನೂ ತಿನ್ನುತ್ತದೆ. ಹಾಗಾಗಿ ಬಂಡೆ ಜಾಸ್ತಿ ಇರುವ ಕಡೆಯೂ ಬದುಕುತ್ತದೆ. ಟ್ರೈಫ್ಯಾಸಿಯಾಲಿಸ್ ಅನ್ನುವ ಚಿಟ್ಟೆಮೀನಿನ ಥರ ಅಕ್ರೊಪೊರಾ ಹವಳವನ್ನೇ ನಂಬಿದ್ದಲ್ಲ. ನಾವು ದೂರ ಹೋದ ಮೇಲೆ ಆ ಮೀನಿನ ಜೋಡಿ ವಾಪಸ್ ಬಂತು, ಲೆನ್ಸ್ ಮುಂದೆ ಪಕ್ಕೆ ತಿರುಗಿಸಿ ಬಂಡೆ ಕುಕ್ಕಿತು. ಹಿಂಭಾಗ ಅಗಲಕ್ಕೆ ಕಪ್ಪು. ಜಗಳ ಮುಗೀತು.

ನಡುವೆ ಕೊಲಾರೆ ಅನ್ನುವ ಇನ್ನೊಂದು ಚಿಟ್ಟೆಮೀನಿನ ಕೆಂಪು ಬಾಲಕ್ಕೆಂದು ಸುಮ್ನೆ 800 ರೂಪಾಯಿಯ ಕೆಂಪು ಫಿಲ್ಟರ್ ಹಾಕಿ ನೋಡಿದೆ. ಕಲಕಿದ ನೀರಲ್ಲಿ ಎಲ್ಲವೂ ಮಣ್ಣಿನ ಬಣ್ಣ. ಕೊಲಾರೆ ಗುರುತಿಸಲು ಕಣ್ಣಿನ ಹಿಂದಿನ ಬಿಳಿ ಪಟ್ಟಿಯೇ ಸಾಕು, ಫಿಲ್ಟರ್ ಬೇಡ.

ಈ ಸೀಸನ್‌ನಲ್ಲಿ ಹೆನಿಯೋಕಸ್ ಅನ್ನುವ ಕುಲದ ಎರಡು ಜಾತಿಗಳ ಗುರುತು ಹಿಡಿಯಲು ಕೂತಿದ್ದೇನೆ. ಅಕ್ಯುಮಿನೇಟಸ್‌ಗೆ ಬೆನ್ನಿನಲ್ಲಿ ಸಾಮಾನ್ಯವಾಗಿ 11 ಮುಳ್ಳು, ಡೈಫ್ರಿಯುಟಿಸ್‌ಗೆ 12. ವಿಡಿಯೊ ನಿಲ್ಲಿಸಿ ಎಣಿಸುತ್ತಿದ್ದೇನೆ. ರೆಕ್ಕೆ ಪೂರ್ತಿ ಬಿಚ್ಚಿದ ಫ್ರೇಮ್ ಇನ್ನೂ ಸಿಕ್ಕಿಲ್ಲ.